ನಿಮ್ಮ ಗಾಡೀಲಿ ಏನ್ ಕೆಟ್ಟೈತೆ?

ನನ್ನ ಮೊಮ್ಮಗಳು ಚೈತ್ರ ಈಗ ಹಾಸನದಲ್ಲಿ ಮೇಡಂ. ತಾನು ಓದಿದ ಯೂನಿವರ್ಸಿಟಿಯಲ್ಲೇ ಹುಡುಗರಿಗೆ ಪಾಠ ಹೇಳುತ್ತಾಳೆ. ಈ ಸುದ್ದಿಯನ್ನು ನುಗ್ಗೇಹಳ್ಳಿಯಲ್ಲಿ ಬಸ್ಸು ಕಾಯುತ್ತಿದ್ದವರಿಗೆಲ್ಲ ಹೇಳಿ ಆಯಿತು, ಚನ್ನರಾಯಪಟ್ಟಣದ ಬಳೆ ಅಂಗಡಿಯವಳಿಗೆ ಹೇಳಿ ಆಯಿತು, ಕೇಳದವರನ್ನೂ ನಿಲ್ಲಿಸಿಕೊಂಡು ಹೇಳಿ ಆಯಿತು. ಎಲ್ಲರೂ ಬಾಯಿ ತುಂಬ ಒಳ್ಳೆಯದಾಯಿತು ಎಂದರು. ಒಬ್ಬರು ಮಾತ್ರ, "ಔದಾ? ಆರ್ಡರ್ ಕಾಪಿ ನೀವೇ ಕಣ್ಣಾರೆ ನೋಡಿದ್ರಾ?" ಎಂದು ಕೇಳಿದರು.

ಅವರ ವಿಷಯವನ್ನೇ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತವನ್ನು ಚೈತ್ರ ತಿದ್ದುತ್ತಾಳೆ, ಮಾತು ಮಾತ್ರ ನನ್ನದೇ.

ಅವರು ಆ ಯೂನಿವರ್ಸಿಟಿಯ ಗಾಡಿ ಸ್ಟ್ಯಾಂಡಿನಲ್ಲಿ ಸೆಕ್ಯೂರಿಟಿಯಾಗಿದ್ದವರು. ವಯಸ್ಸಾಯಿತೆಂದು ಹೋದ ತಿಂಗಳು ಕೆಲಸ ಬಿಟ್ಟರು. ಹೆಸರು ಬರೆಯೋಣವೆಂದರೆ ನನಗೆ ಗೊತ್ತಿಲ್ಲ. ಅಂಗಿಯ ಮೇಲೆ ಹೆಸರಿನ ಪಟ್ಟಿ ಇತ್ತು, ಆದರೆ ಅದನ್ನು ಜೇಬಿನ ಮುಚ್ಚಳದ ಕೆಳಗೆ ತುರುಕಿಕೊಂಡಿರುತ್ತಿದ್ದರು. ಒಂದು ದಿನ ಬಾಯಿಬಿಟ್ಟು ಕೇಳಿದೆ.

"ಎಸರು ಗೊತ್ತಾದ್ರೆ ಕಳ್ಳನೂ ಎಸರಿಡ್ದು ಕರೀತಾನೆ ಕಣವ್ವ. ಎಸರಿಡ್ದು ಕರೆದ ಅಂತ ನಾನು ಪರಿಚಯದೋನು ಅನ್ಕಂಡು ಬುಟ್ಬುಡ್ತೀನಿ. ಯಾಕ್ ಬೇಕದೆಲ್ಲ?"

ಊರು ಯಾವುದಪ್ಪ ಎಂದರೆ ಒಂದು ಸಲ ಕೊಣನೂರ ಕಡೆ ಎಂದರು, ಇನ್ನೊಂದು ಸಲ ರಾಮನಾಥಪುರದ ಕಡೆ ಎಂದರು. ಎರಡೂ ಹೊಳೆಯ ಕಡೆಯ ಊರುಗಳೇ, ದೂರವೇನಲ್ಲ. ಆದರೂ ಕೇಳಿದಾಗಲೆಲ್ಲ ಊರು ಬದಲಾಯಿಸುವ ಗಂಡಸನ್ನು ಹೇಗೆ ನಂಬುವುದು? ಅವರ ಜೊತೆ ನಾಲ್ಕು ಮಾತಾಡಿದರೆ ಸಾಕು, ನಮಗೂ ಅನುಮಾನ ಅಂಟಿಕೊಳ್ಳುತ್ತಿತ್ತು. ಹುಡುಗರು ಅವರಿಗೆ ಅನುಮಾನಪ್ಪ ಎಂದೇ ಹೆಸರಿಟ್ಟಿದ್ದರು. ಅವರಿಗೂ ಗೊತ್ತಿತ್ತು. ಬೇಜಾರಿರಲಿಲ್ಲ. ಈ ಹೆಸರು ಮೊದಲು ಯಾರು ಇಟ್ಟರು, ಯಾಕೆ ಇಟ್ಟರು ಎಂಬುದರ ಮೇಲೆ ಮಾತ್ರ ಒಂದು ಕಣ್ಣಿಟ್ಟಿದ್ದರು.

ಆಳು ಸಣಕಲು. ಬಾಯಲ್ಲಿ ಯಾವಾಗಲೂ ಸೀಟಿ. ಊದದಿದ್ದಾಗಲೂ ಹಲ್ಲಿನಲ್ಲಿ ಕಚ್ಚಿಕೊಂಡೇ ಇರುತ್ತಿದ್ದರು, ಮಾತು ಅದರ ಪಕ್ಕದಿಂದ ಬರುತ್ತಿತ್ತು. ಮಧ್ಯಾಹ್ನದ ಊಟವನ್ನು ನಿಂತುಕೊಂಡು, ಗಾಡಿಗಳ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಅವರಿಗೆ ಒಂದು ಹಳೆಯ ಮೊಪೆಡ್ ಇತ್ತು. ಅದನ್ನು ಹೊಂಗೆಮರಕ್ಕೆ ಸರಪಳಿಯಲ್ಲಿ ಬಿಗಿದು, ಬೀಗ ಹಾಕಿ, ಸಾಲದೆಂದು ಪ್ಲಗ್ಗಿನ ಕ್ಯಾಪು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆ ಮೊಪೆಡ್ಡನ್ನು ಪುಕ್ಕಟೆ ಕೊಟ್ಟರೂ ಕಳ್ಳನಿಗೆ ಬೇಡವಾಗಿತ್ತು. ಹಾಗೆಂದರೆ, "ಬ್ಯಾಡ ಅನ್ನೋನ ಮ್ಯಾಲೇ ಮೊದ್ಲು ಕಣ್ಣಿಡ್ಬೇಕು" ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಜಗಳದಿಂದ.

ಚೈತ್ರ ಎಂಎಸ್ಸಿಗೆ ಸೇರಿದಾಗ ಅವಳಿಗೆ ಅಡುಗೆ ಮಾಡಿ ಹಾಕಲು ನಾನೇ ಊರು ಬಿಟ್ಟು ಬಂದೆ. ಹಾಸನದ ಒಳಗೆ ಒಂದು ರೂಮು ಮಾಡಿಕೊಂಡೆವು. ಕ್ಯಾಂಪಸ್ಸು ಊರಾಚೆ. ಪ್ರಾಕ್ಟಿಕಲ್ಲು ಮುಗಿಯುವ ಹೊತ್ತಿಗೆ ಬಸ್ಸು ಸಿಗುವುದಿಲ್ಲ ಎಂದು ನನ್ನ ಮಗ ಸೆಕೆಂಡ್ ಹ್ಯಾಂಡ್ ಸ್ಕೂಟರು ತೆಗೆದು, ಚನ್ನರಾಯಪಟ್ಟಣದಲ್ಲಿ ಮೇಲಿಂದ ಕೆಳಗಿನವರೆಗೆ ರಿಪೇರಿ ಮಾಡಿಸಿ ಕೊಟ್ಟ. ನೀಲಿ ಬಣ್ಣದ್ದು. ಮನೆಯಲ್ಲಿ ಜಮೀನಿನಿಂದ ಗ್ಯಾಸಿನವರೆಗೆ ಎಲ್ಲ ನನ್ನ ಹೆಸರಿನಲ್ಲೇ ಇದ್ದದ್ದರಿಂದ ಗಾಡಿಯನ್ನೂ ನನ್ನ ಹೆಸರಿಗೇ ಮಾಡಿಸಿದ. ಸೈಕಲ್ಲನ್ನೂ ತುಳಿಯದ ನಾನು ಸ್ಕೂಟರಿನ ಓನರು!

ಮೊದಲ ದಿನ ಸಂಜೆ ಚೈತ್ರ ಅಳುತ್ತ ರೂಮಿಗೆ ಬಂದಳು. ಗೇಟಿನಲ್ಲಿ ಅವರು ತಡೆದು, "ನಿಮ್ಮ ಗಾಡೀಲಿ ಏನ್ ಕೆಟ್ಟೈತೆ?" ಎಂದರಂತೆ. ಇವಳು, "ಏನೂ ಕೆಟ್ಟಿಲ್ಲ ಅಂಕಲ್, ಮೊನ್ನೆ ತಾನೆ ಸರ್ವೀಸ್ ಆಗಿದೆ" ಎಂದಳಂತೆ.

"ಅಂಗಾರೆ ನಿಂದಲ್ಲ. ಪಕ್ಕಕ್ ನಿಂತ್ಕೊ."

ಕ್ಯಾಂಪಸ್ಸೆಲ್ಲ ಖಾಲಿಯಾಗಿ, ಸ್ಟ್ಯಾಂಡಿನಲ್ಲಿ ಅದೊಂದೇ ಗಾಡಿ ಉಳಿದ ಮೇಲೆ, ಕೇಳಿಕೊಂಡು ಬರುವವರು ಬೇರೆ ಯಾರೂ ಇಲ್ಲ ಎಂದು ಖಾತ್ರಿಯಾಗಿ ಬಿಟ್ಟರಂತೆ.

ಮಾರನೆಯ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೇ ಹೋದೆ.

"ಏನಪ್ಪಾ, ನನ್ನ ಮೊಮ್ಮಗಳು ನಿನ್ನ ಕಣ್ಗೆ ಕಳ್ಳಿ ತರ ಕಾಣ್ತಾಳಾ?"

"ಕಳ್ಳರು ಕಳ್ಳರ ತರ ಕಾಣೋದಾಗಿದ್ರೆ ಸರ್ಕಾರದೋರು ನನ್ಗ್ಯಾಕವ್ವ ಸೀಟಿ ಕೊಡ್ತಿದ್ರು?"

"ಗಾಡಿ ನಂದು. ನನ್ನ ಎಸರಲ್ಲೈತೆ."

ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿದರು. "ನೀವು ಓಡಿಸ್ತೀರಾ?"

"ಇಲ್ಲ."

"ಓಡಿಸ್ದೆ ಇರೋರ ಎಸರಲ್ಲಿ ಗಾಡಿ ಯಾಕವ್ವ ಐತೆ?"

ಜಗಳಕ್ಕೆ ಹೋದವಳು ನಾನು, ಕಟಕಟೆಯಲ್ಲಿ ನಿಂತವಳೂ ನಾನೇ. ಅವರಿಗೆ ಅದು ಗೆಲುವು ಅನ್ನಿಸಲಿಲ್ಲವೇನೋ, ಸೀಟಿ ತೆಗೆದು ಮೆತ್ತಗೆ ಹೇಳಿದರು.

"ಸ್ವಂತದ್ದು ಅಂದ್ಮ್ಯಾಲೆ ಒಂದಾದ್ರೂ ಗೋಳಿರ್ತದೆ ಕಣವ್ವ. ಆರ್ನು ಬಡ್ಕಳಲ್ಲ, ಕನ್ನಡಿ ನಿಲ್ಲಕಿಲ್ಲ, ಏನೋ ಒಂದು. ಕೇಳಿದ್ ತಕ್ಷಣ ಗೋಳಾಡ್ಕಬೇಕು. ಕದಿಯೋಕ್ ಬಂದೋನ್ಗೆ ಮಾತ್ರ ಗಾಡಿ ಚೆಂದಾಗ್ ಕಾಣೋದು."

ಅದೇ ಅವರ ವಿದ್ಯೆ. ಚೀಟಿ ಕೊಡುವ ಪದ್ಧತಿಯೂ ಅಲ್ಲಿ ಇತ್ತು. ಚೀಟಿ ಕಳೆಯುತ್ತದೆ, ಚೀಟಿ ಕೈ ಬದಲಾಗುತ್ತದೆ, ಗೋಳು ಮಾತ್ರ ಮಾಲೀಕನ ಹತ್ತಿರವೇ ಇರುತ್ತದೆ ಎನ್ನುವುದು ಅವರ ಲೆಕ್ಕ. ಸಂಜೆ ಗೇಟಿನಲ್ಲಿ ಸಾಲು ನಿಂತರೆ ನೋಡಲು ಚೆನ್ನಾಗಿರುತ್ತಿತ್ತು. ಒಬ್ಬೊಬ್ಬರೂ ಗಾಡಿಯ ಗೋಳನ್ನು ಕೂಗಿ ಹೇಳಿ ಹೊರಡುತ್ತಿದ್ದರು. "ಎಡಗಡೆ ಇಂಡಿಕೇಟರ್!" "ಸೈಡ್ ಸ್ಟ್ಯಾಂಡ್ ಸಡಿಲ!" "ಕಿಕ್ಕರ್ ಒದ್ದೂ ಒದ್ದೂ ಕಾಲ್ ನೋವು!" ಹೊಸ ಗಾಡಿಯವರ ಪಾಡು ಕೇಳಬೇಡಿ. ಒಬ್ಬ ಮೇಷ್ಟ್ರು ಹೊಚ್ಚ ಹೊಸ ಕಾರು ತಂದಿದ್ದರು. ಅವರಿಗೂ ಅದೇ ಪ್ರಶ್ನೆ. ಮೇಷ್ಟ್ರು ತಲೆ ಕೆರೆದುಕೊಂಡು, "ಏನೂ ಕೆಟ್ಟಿಲ್ಲ ಮಾರಾಯ, ನಮ್ಮನೆಯವಳಿಗೆ ಬಣ್ಣ ಹಿಡಿಸಿಲ್ಲ ಅಷ್ಟೆ" ಎಂದರು.

"ಓಗಿ ಸಾ. ಇದು ನಿಮ್ದೇ."

ನಮ್ಮ ಗಾಡಿಗೂ ಬೇಗ ಗೋಳು ಬಂತು. ಸೀಟಿನ ಲಾಕು ಹಿಡಿಯುತ್ತಿರಲಿಲ್ಲ, ಮುಷ್ಟಿಯಲ್ಲಿ ಒಂದು ಗುದ್ದಿದರೆ ಮಾತ್ರ ಕೂರುತ್ತಿತ್ತು. ಚೈತ್ರ ದಿನಾ ಗೇಟಿನಲ್ಲಿ, "ಸೀಟ್ ಲಾಕ್ ಅಂಕಲ್!" ಎಂದು ಕೂಗಿ, ಗುದ್ದಿ ತೋರಿಸಿ ಬರುತ್ತಿದ್ದಳು. ಅವರಿಬ್ಬರಿಗೂ ಅದೊಂದು ಆಟವೇ ಆಯಿತು.

ಅವರ ಅನುಮಾನಕ್ಕೆ ಮೇಲು ಕೀಳು ಇರಲಿಲ್ಲ, ಅದನ್ನು ಒಪ್ಪಬೇಕು. ಯುಗಾದಿಗೆ ಹೋಳಿಗೆ ಕೊಟ್ಟೆ. ಡಬ್ಬಿ ಮುಚ್ಚಳ ತೆಗೆದು ಮೂಸಿ, "ನೀವೂ ಒಂದ್ ತಗಳಿ" ಎಂದು ನನ್ನ ಕೈಗಿಟ್ಟರು. ನಾನು ತಿಂದು ನುಂಗಿದ ಮೇಲೆ ಅವರು ಬಾಯಿಗಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆಮೇಲೆ ಒಂದೂ ಉಳಿಸದೆ ತಿಂದು ಡಬ್ಬಿ ತೊಳೆದು ಕೊಟ್ಟರು. ತುಂಬ ನಯವಾಗಿ ಮಾತಾಡುವವರನ್ನು ಕಂಡರಂತೂ ಅವರಿಗೆ ಆಗುತ್ತಲೇ ಇರಲಿಲ್ಲ. "ಗಾಡಿ ಇಟ್ಟು ಓಗೋನು ಇಂದಕ್ ತಿರುಗಿ ಗಾಡಿ ನೋಡ್ತಾನೆ. ತಗಂಡೋಗೋಕ್ ಬಂದೋನು ಗಾಡಿ ಬುಟ್ಟು ಸುತ್ತಮುತ್ತ ನೋಡ್ತಾನೆ" ಎಂದು ಚೈತ್ರಳಿಗೆ ಪಾಠ ಹೇಳುತ್ತಿದ್ದರು. ಅವಳು ರೂಮಿಗೆ ಬಂದು ಅದನ್ನು ಅವರ ಹಾಗೇ, ಸೀಟಿಯ ಬದಲು ಬೆರಳು ಕಚ್ಚಿಕೊಂಡು ಹೇಳಿ ತೋರಿಸಿ ನನ್ನನ್ನು ನಗಿಸುತ್ತಿದ್ದಳು.

ಅವರಿದ್ದಷ್ಟು ದಿನ ಅಲ್ಲಿಂದ ಒಂದು ಗಾಡಿಯೂ ಹೋಗಿರಲಿಲ್ಲ. ಹೋದದ್ದು ಒಂದೇ. ಅದು ನಮ್ಮದು.

ಆಯುಧಪೂಜೆಗೆ ರಜೆ ಇರುತ್ತದೆಂದು ಕ್ಯಾಂಪಸ್ಸಿನಲ್ಲಿ ಒಂದು ದಿನ ಮುಂಚೆಯೇ ಪೂಜೆ. ಬಾ ಅಜ್ಜಿ ನೋಡುವೆಯಂತೆ ಎಂದು ಚೈತ್ರ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಗಾಡಿಗಳನ್ನೆಲ್ಲ ತೊಳೆದು ಸಾಲಾಗಿ ನಿಲ್ಲಿಸಿದ್ದರು. ಎಲ್ಲಕ್ಕೂ ಚೆಂಡುಹೂವಿನ ಹಾರ, ಬಾಳೆಕಂದು, ಅರಿಶಿನ ಕುಂಕುಮ. ನಂಬರ್ ಪ್ಲೇಟಿನ ಮೇಲೇ ದಪ್ಪ ದಪ್ಪ ವಿಭೂತಿ ಎಳೆದಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು. ಮಂಗಳಾರತಿ ಆಗುವಾಗ ಎಲ್ಲ ಗಾಡಿಗಳನ್ನೂ ಒಟ್ಟಿಗೆ ಸ್ಟಾರ್ಟ್ ಮಾಡುವುದು ಅಲ್ಲಿನ ವಾಡಿಕೆ. ಅದಕ್ಕೆ ಕೀಲಿಗಳನ್ನು ಗಾಡಿಯಲ್ಲೇ ಬಿಟ್ಟಿದ್ದರು.

"ಕೀ ಬುಡ್ಬ್ಯಾಡಿ ಸಾ" ಎಂದು ಅವರು ಬೇಡಿಕೊಂಡರಂತೆ. "ದೇವರ ಕೆಲಸದಲ್ಲೂ ನಿಂದೊಂದು ಅನುಮಾನವೇನಯ್ಯ" ಎಂದು ಆಫೀಸಿನವರು ಗದರಿ ಗೇಟಿಗೆ ಕಳಿಸಿದರು.

ಮಂಗಳಾರತಿ ಆಯಿತು. ಬೂದುಗುಂಬಳ ಒಡೆಯಲು, ಕಡ್ಲೆಪುರಿ ಹಂಚಲು ಎಲ್ಲರೂ ಆಫೀಸಿನ ಮುಂದಕ್ಕೆ ಹೋದರು. ನಾನೂ ಹೋದೆ. ಪುರಿ ಕಟ್ಟಿಕೊಂಡು ವಾಪಸು ಬಂದು ನೋಡಿದರೆ ನಮ್ಮ ಗಾಡಿ ಇದ್ದ ಕಡೆ ಅಪ್ಪಚ್ಚಿಯಾದ ನಿಂಬೆಹಣ್ಣು ಮಾತ್ರ ಇತ್ತು.

ಗೇಟಿಗೆ ಓಡಿದೆವು. ಅವರು ನಮ್ಮ ಮುಖ ನೋಡಿದ್ದೇ ತಡ, ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು.

"ನಿನ್ ತಮ್ಮ ಅಲ್ವಾ ತಗಂಡೋಗಿದ್ದು? ಅಕ್ಕ ಸ್ವೀಟ್ ತರೋಕ್ ಕಳ್ಸವ್ಳೆ ಅಂದ. ಏನ್ ಕೆಟ್ಟೈತೆ ಅಂದೆ. ಸೀಟ್ ಲಾಕ್ ಅಂದ. ಗುದ್ದಿ ತೋರಿಸ್ದ."

"ನನಗೆ ತಮ್ಮನೇ ಇಲ್ಲ ಅಂಕಲ್" ಎಂದಳು ಚೈತ್ರ.

ಆಫೀಸಿನವರು ಕ್ಯಾಮೆರಾ ತಿರುಗಿಸಿ ನೋಡಿದರು. ಹೂವು, ಬಾಳೆಕಂದು, ಹೆಲ್ಮೆಟ್ಟು, ಮತ್ತೆ ಹೂವು. ಅವತ್ತು ಎಲ್ಲ ಗಾಡಿಗಳೂ ಒಂದೇ ಮದುವೆಗೆ ಹೊರಟ ನೆಂಟರ ಹಾಗಿದ್ದವು. ಯಾವುದನ್ನು ನಮ್ಮದು ಎಂದು ಗುರುತಿಸುವುದು?

ಸೆಕ್ಯೂರಿಟಿ ಏಜೆನ್ಸಿಯ ಮೇಲ್ವಿಚಾರಕ ಒಬ್ಬ ಬಂದ. ಮೀಸೆಯ ಯುವಕ. ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜಿ, ಗಾಡಿ ನಿಮ್ಮ ಹೆಸರಲ್ಲಿದೆ, ಕಂಪ್ಲೇಂಟು ನೀವೇ ಕೊಡಬೇಕು. ಈಯಪ್ಪನ ಮೇಲೆ ಅನುಮಾನ ಅಂತ ಬರೆಸಿ. ಯಾರೂ ಕದೀಲಾಗದ ಜಾಗದಲ್ಲಿ ಕದ್ದಿದ್ದಾರೆ ಅಂದರೆ ಒಳಗಿನವರ ಕೈ ಇರಲೇಬೇಕು. ಬರೆಸಿದರೆ ಸಂಜೆಗೇ ಯೂನಿಫಾರಂ ಬಿಚ್ಚಿಸುತ್ತೇನೆ" ಎಂದ.

ಅವರಿಗೆ ಕೇಳಿಸಿತು. ತಲೆ ತಗ್ಗಿಸಿ ನಿಂತಿದ್ದರು. ಅವರ ಅನ್ನ ನನ್ನ ಬಾಯಿಂದ ಬರುವ ಒಂದು ಮಾತಿನಲ್ಲಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಒಳಗೆ ಅನುಮಾನವೇ. ಸೀಟಿನ ಲಾಕಿನ ವಿಷಯ ಕಳ್ಳನಿಗೆ ಯಾರು ಹೇಳಿದರು?

"ಮೊದ್ಲು ಹುಡುಕೋಣ. ಬರೆಸೋದು ಆಮೇಲೆ" ಎಂದೆ.

ಅವರು ತಲೆಯೆತ್ತಿ ಚೈತ್ರಳನ್ನು ಕೇಳಿದರು. "ಮಗಾ, ಆ ಗಾಡೀಲಿ ಇನ್ನೇನ್ ಕೆಟ್ಟೈತೆ? ನನ್ಗೆ ಯಾವತ್ತೂ ಯೋಳ್ದೆ ಇರೋದು ಯೋಳು."

ಚೈತ್ರ ಯೋಚಿಸಿದಳು. "ಪೆಟ್ರೋಲ್ ಮುಳ್ಳು ಕೆಟ್ಟಿದೆ ಅಂಕಲ್. ಖಾಲಿಯಾದರೂ ಅರ್ಧ ಟ್ಯಾಂಕ್ ತೋರಿಸುತ್ತೆ. ಇವತ್ತು ತಳದಲ್ಲಿ ಚೂರಿತ್ತು ಅಷ್ಟೆ. ಸಂಜೆ ಹಾಕಿಸೋಣ ಅಂತಿದ್ದೆ."

ಅವರ ಕಣ್ಣು ಹೊಳೆಯಿತು. "ಅಂಗಾರೆ ದೂರ ಓಗಿಲ್ಲ. ಎಲ್ಲೋ ತಳ್ತಾ ಅವ್ನೆ."

ಇನ್ನು ಹೊರಡಬೇಕು. ಕಳ್ಳ ಗಾಡಿ ತಳ್ಳುತ್ತಿದ್ದಾನೆ, ಇವರು ಹೊಂಗೆಮರದ ಹತ್ತಿರ ಸರಪಳಿ ಬಿಚ್ಚುತ್ತಿದ್ದಾರೆ! ಬೀಗ ತೆಗೆದರು, ಸರಪಳಿ ಸುತ್ತಿ ಚೀಲಕ್ಕೆ ಹಾಕಿದರು, ಜೇಬಿನಿಂದ ಪ್ಲಗ್ಗಿನ ಕ್ಯಾಪು ತೆಗೆದು ಒರೆಸಿ ಸಿಕ್ಕಿಸಿದರು. ನಾನು ಹಿಂದೆ ಹತ್ತಿ ಕುಳಿತೆ.

"ನೀವ್ಯಾಕವ್ವ?"

"ನೀನೂ ಅಂಗೇ ಓಗ್ಬುಟ್ರೆ?"

ಅವರಿಗೆ ಈ ಮಾತು ನ್ಯಾಯವಾಗಿ ಕಂಡಿತು. ಸುಮ್ಮನೆ ಸ್ಟಾರ್ಟ್ ಮಾಡಿದರು. ಸ್ವಲ್ಪ ದೂರ ಹೋದ ಮೇಲೆ ಗಾಳಿಯಲ್ಲಿ ಅವರ ದನಿ ಬಂತು. "ಇನ್ಶೂರೆನ್ಸಿಗೆ ಅಂತ ನೀವೇ ಯಾರಿಗಾದ್ರೂ ಯೋಳಿ ತಗಸಿಲ್ಲ ತಾನೆ?"

"ಥೂ ನಿನ್ನ!" ಎಂದು ಬೆನ್ನಿಗೊಂದು ಗುದ್ದಿದೆ. ಮೊಪೆಡ್ಡು ವಾಲಾಡಿತು.

ದಸರೆಯೆಂದು ಊರೊಳಗೆ ಪೊಲೀಸರು ನಿಂತಿರುತ್ತಾರೆ, ಅವನು ಆ ಕಡೆ ಹೋಗುವುದಿಲ್ಲ ಎಂದು ಅರಕಲಗೂಡಿನ ರಸ್ತೆ ಹಿಡಿದೆವು. ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿ, ಟೀ ಅಂಗಡಿ, ಒಂದನ್ನೂ ಬಿಡಲಿಲ್ಲ. ಪೂಜೆ ಮಾಡಿದ ನೀಲಿ ಸ್ಕೂಟರು ತಳ್ಳಿಕೊಂಡು ಹೋದವರನ್ನು ನೋಡಿದಿರಾ? ಯಾರೂ ನೋಡಿರಲಿಲ್ಲ. ನೋಡಿಲ್ಲ ಎಂದವರನ್ನೂ ಅವರು ಬಿಡುತ್ತಿರಲಿಲ್ಲ. "ಯಾಕ್ ನೋಡ್ಲಿಲ್ಲ? ಎಲ್ಲಿಗ್ ಓಗಿದ್ರಿ?"

ವಾಪಸು ತಿರುಗಿ ಹೊಳೆನರಸೀಪುರದ ರಸ್ತೆಗೆ ಬಂದೆವು. ನನಗೆ ಸೊಂಟ ಬಿದ್ದುಹೋಗಿತ್ತು. ಒಳಗೆ ಕೊರೆಯುತ್ತಿದ್ದ ಮಾತು ಆಚೆ ಬಂತು.

"ಸೀಟಿನ ವಿಷ್ಯ ನಿನ್ಗೆ ಗೊತ್ತು, ನಮ್ಗೆ ಗೊತ್ತು. ಅವನ್ಗೆ ಯಾರಪ್ಪ ಯೋಳಿದ್ರು?"

ಅವರು ಮೊಪೆಡ್ಡನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದರು.

"ನಾನೇ ಕಣವ್ವ."

ನಾನು ಗಡಬಡಿಸಿ ಮೊಪೆಡ್ಡಿನಿಂದ ಕೆಳಗಿಳಿದೆ.

"ದಿನಾ ಸಂಜೆ ಅಷ್ಟ್ ಜನದ್ ಮುಂದೆ ನಿಮ್ ಉಡ್ಗಿ ಕೈಲಿ ಕೂಗಿಸ್ತಿದ್ನಲ್ಲ. ಸಾಲಲ್ಲಿ ನಿಂತು ಕೇಳಿಸ್ಕಂಡವ್ನೆ. ಎಲ್ರ ಮ್ಯಾಲೂ ಅನುಮಾನ ಪಟ್ಟೆ. ನನ್ ಪ್ರಶ್ನೆ ಮ್ಯಾಲೆ ಮಾತ್ರ ಪಡ್ಲಿಲ್ಲ."

ಸೆರಗಿನಲ್ಲಿ ಕಡ್ಲೆಪುರಿ ಇತ್ತು. ತೆಗೆದು ಕೊಟ್ಟೆ. ಮೂಸದೆ ತಿಂದರು. ಆಗ ನನಗೆ ನಿಜವಾಗಿ ಭಯವಾಯಿತು, ಈ ಮನುಷ್ಯ ಒಳಗೇ ಮುರಿದು ಹೋಗಿದ್ದಾನೆ ಎಂದು.

ಇನ್ನೂ ಮುಂದೆ, ಒಂದು ಹುಣಸೆಮರದ ಕೆಳಗೆ ಎಳನೀರು ಮಾರುವ ಹೆಂಗಸು ಕುಳಿತಿದ್ದಳು. ಕೇಳಿದ್ದೇ ತಡ, ಕೈಯಲ್ಲಿದ್ದ ಮಚ್ಚು ಕೆಳಗಿಟ್ಟು ನಗತೊಡಗಿದಳು.

"ಅಯ್ಯೋ, ಆ ಹುಡ್ಗನಾ? ಗಾಡಿಗೆ ಹಾರ ಹಾಕಿ ಪೆಟ್ರೋಲ್ ಹಾಕ್ಸೋದ್ ಮರ್ತವ್ನೆ ಅಂತ ನಗಾಡ್ಕಂಡೆ. ಇಲ್ಲೇ ಇಂದ್ಗಡೆ ನಿಲ್ಸವ್ನೆ. 'ಅಕ್ಕಾ ನೋಡ್ಕಳಿ' ಅಂದ್ಬುಟ್ಟು ಯಾರ್ದೋ ಬೈಕ್ ಹತ್ತಿ ಬಂಕ್ಗೆ ಓದ. ಬೋ ಒಳ್ಳೆ ಹುಡ್ಗ, ನಯವಾಗ್ ಮಾತಾಡ್ತಾನೆ."

ಮರದ ಹಿಂದೆ ನಮ್ಮ ಗಾಡಿ! ಹಾರ ಬಾಡಿತ್ತು. ನಾನು ಹೋಗಿ ಅದರ ಮುಂಭಾಗ ಸವರಿದೆ, ಹಸುವಿನ ಮುಖ ಸವರಿದ ಹಾಗೆ. ಅವರು ಸವರಲಿಲ್ಲ. ಸೀಟು ಗುದ್ದಿ ನೋಡಿದರು, ಮುಳ್ಳು ನೋಡಿದರು, ಅರ್ಧಕ್ಕೆ ನಿಂತಿತ್ತು. ಆಮೇಲೆ ನಮ್ಮದೇ ಎಂದು ಒಪ್ಪಿದರು. ಚೈತ್ರಳಿಗೆ ಫೋನು ಮಾಡಿ ಪೊಲೀಸರಿಗೆ ತಿಳಿಸು ಎಂದು ಹೇಳಿ, ನನ್ನನ್ನು ಎಳನೀರಿನ ರಾಶಿಯ ಪಕ್ಕ ಕೂರಿಸಿ ಕಾದರು.

ಅವನು ಬಂದ. ತೊಳೆದ ಮುಖ, ಇಸ್ತ್ರಿ ಮಾಡಿದ ಅಂಗಿ, ನೀರಿನ ಬಾಟಲಿಯಲ್ಲಿ ಪೆಟ್ರೋಲು. ಗಾಡಿಯ ಪಕ್ಕ ಒಬ್ಬ ಗಂಡಸು ನಿಂತಿರುವುದನ್ನು ನೋಡಿ ನಿಂತ. ಅವರು ಯೂನಿಫಾರಂ ಮೇಲೆ ನನ್ನ ಶಾಲು ಹೊದ್ದಿದ್ದರು.

"ಒಳ್ಳೆ ಗಾಡಿ ಸಾ. ಮಾರ್ತೀರಾ? ಏನಾರ ಕೆಟ್ಟೈತಾ?"

"ಏನಿಲ್ಲ ಯಜಮಾನ್ರೇ, ಸೀಟ್ ಲಾಕ್ ಒಂದೇ."

"ಅದು ಊರ್ಗೆಲ್ಲ ಗೊತ್ತು. ಇನ್ನೊಂದ್ ಯೋಳಿ."

ಅವನು ಅವರ ಮುಖ ನೋಡಿದ. ಗುರುತು ಸಿಕ್ಕಿತು. ಬಾಟಲಿ ಬಿಸಾಕಿ ಮುಸುಕಿನ ಜೋಳದ ಹೊಲಕ್ಕೆ ನುಗ್ಗಿ ಓಡಿದ. ಎಳನೀರಿನವಳು ಮಚ್ಚು ಹಿಡಿದು ಒಂದಷ್ಟು ದೂರ ಅಟ್ಟಿಸಿಕೊಂಡು ಹೋಗಿ ಬರಿಗೈಯಲ್ಲಿ ವಾಪಸು ಬಂದಳು. ಅವರು ಓಡಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು.

ಪೊಲೀಸ್ ಸ್ಟೇಷನ್ನಿನಲ್ಲಿ ನಾನು, ಗಾಡಿ ಸಿಕ್ಕಿತಲ್ಲ, ಕಂಪ್ಲೇಂಟು ಬೇಡ ಎಂದೆ. ನನ್ನ ಉಪಾಯ ಅದು. ಬರೆಸದಿದ್ದರೆ ಇವರ ಹೆಸರು ಎಲ್ಲೂ ಬರುವುದಿಲ್ಲ, ಮೀಸೆಯವನು ಏನೂ ಮಾಡುವ ಹಾಗಿಲ್ಲ. ಆದರೆ ಇವರು ಒಪ್ಪಬೇಕಲ್ಲ!

"ಬರೆಸ್ಬೇಕು. ಇಲ್ದಿದ್ರೆ ಅವ್ನು ನಾಳೆ ಇನ್ನೊಬ್ರ ಗಾಡಿ ಎತ್ತಾನೆ."

ಪೊಲೀಸಿನವರು ಪೆನ್ನು ಹಿಡಿದು, "ಅಜ್ಜಿ, ಒಳಗಿನವರು ಯಾರ ಮೇಲಾದರೂ ಅನುಮಾನ ಇದೆಯಾ?" ಎಂದು ಕೇಳಿದರು.

"ಯಾರ ಮ್ಯಾಲೂ ಇಲ್ಲ ಸಾಮಿ."

ಇವರು ಸಿಟ್ಟಾದರು. "ಅದೆಂಗವ್ವ ಇಲ್ಲ? ಗೇಟಿಂದ ಆಚೆ ಬುಟ್ಟೋನು ನಾನು. ನನ್ ಮ್ಯಾಲೆ ಪಡ್ದೆ ಇನ್ಯಾರ್ ಮ್ಯಾಲೆ ಪಡ್ತೀರಿ? ಅಂಗೆಲ್ಲ ಸುಮ್‌ಸುಮ್ನೆ ನಂಬ್ಬಾರ್ದು!"

ಪೊಲೀಸಿನವರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ನಾನೇ ಹೇಳಿದೆ. "ಇವರು ಬಿಟ್ಟರು ಅಂತ ಬರ್ಕಳಿ. ಇವರೇ ಹುಡುಕಿ ತಂದರು ಅಂತಾನೂ ಬರ್ಕಳಿ. ಎರಡನ್ನೂ ಒಂದೇ ಸಾಲಲ್ಲಿ ಬರೀರಿ. ಒಂದನ್ನ ಓದಿ ಇನ್ನೊಂದನ್ನ ಬಿಡೋಕಾಗ್ಬಾರ್ದು." ಹಾಗೆಯೇ ಬರೆದರು. ಓದಿಸಿ ಕೇಳಿ ಸಹಿ ಹಾಕಿದೆ.

ರಜೆ ಕಳೆದ ಮೇಲೆ ಯೂನಿವರ್ಸಿಟಿಯ ಸಾಹೇಬರು ಕರೆಸಿದರು. ಮೀಸೆಯವನು ಮೊದಲೇ ಬಂದು ನಿಂತಿದ್ದ. ತಪ್ಪು ಒಪ್ಪಿಕೊಂಡಿದ್ದಾನೆ, ತೆಗೆಯಲೇಬೇಕು ಸಾರ್ ಎಂದ. ನನಗೆ ಎಲ್ಲಿತ್ತೋ ಧೈರ್ಯ.

"ಸಾಮಿ, ಇವರನ್ನ ತೆಗೆದರೆ ನನ್ನ ಮೊಮ್ಮಗಳ ಗಾಡೀನ ನಾಳೆಯಿಂದ ಯಾರ ನಂಬಿಕೆ ಮೇಲೆ ಇಲ್ಲಿಗೆ ಕಳಿಸ್ಲಿ?"

ಪಕ್ಕದಿಂದ ಇವರು ಬಾಯಿ ಹಾಕಿದರು. "ನಂಬಿಕೆಗೆ ಅಂತ ಇಟ್ಕಬ್ಯಾಡಿ ಸಾ. ನಂಬೋಕೆ ಇಟ್ಕಂಡಿಲ್ಲ ನನ್ನ. ನಂಬ್ದೆ ಇರೋಕೆ ಅಂತ ಬೇಕಾದ್ರೆ ಇಟ್ಕಳಿ."

ಸಾಹೇಬರು ನಗು ತಡೆಯಲು ನೀರು ಕುಡಿದರು. ಮೀಸೆಯವನ ಕಡೆ ನೋಡಿ, "ಹೋಗ್ರೀ, ಇವರಿಗೆ ಹೊಸ ಸೀಟಿ ಕೊಡಿ" ಎಂದರು. ಕೆಲಸ ಉಳಿಯಿತು. ಆಚೆ ಬಂದ ಮೇಲೆ ನನಗೆ ಕೈ ಮುಗಿಯುತ್ತಾರೆ ಅಂದುಕೊಂಡಿದ್ದೆ. "ಸಾಹೇಬ್ರು ಇಷ್ಟ್ ಬೇಗ ಯಾಕ್ ಒಪ್ಪಿದ್ರು?" ಎಂದು ಕೇಳಿ ಗೇಟಿಗೆ ಹೋದರು.

ಅವತ್ತಿನಿಂದ ಕೂಗುವುದು ನಿಂತಿತು. ಪ್ರಶ್ನೆ ಅದೇ, ಉತ್ತರ ಮಾತ್ರ ಕಿವಿಯಲ್ಲಿ. ಎಂಥೆಂಥ ಪ್ರೊಫೆಸರುಗಳು ಬಗ್ಗಿ ಆ ಸಣಕಲು ಆಳಿನ ಕಿವಿಯಲ್ಲಿ ಗಾಡಿಯ ಗೋಳು ಹೇಳಿ ಹೋಗುತ್ತಿದ್ದರು. ಕಿವಿ ಸಿಕ್ಕಿತೆಂದು ಹುಡುಗರು ಬೇರೆ ಗೋಳನ್ನೂ ಹೇಳತೊಡಗಿದರು. ಅಪ್ಪನಿಗೆ ಹುಷಾರಿಲ್ಲ, ಪೇಪರು ಕಷ್ಟವಿತ್ತು, ಅವಳು ಮಾತು ಬಿಟ್ಟಳು. "ಇದನ್ನೆಲ್ಲ ನನ್ಗ್ಯಾಕ್ ಯೋಳ್ತೀಯ?" ಎಂದು ಗದರುತ್ತಿದ್ದರು, ಆದರೆ ಪೂರ್ತಿ ಕೇಳಿದ ಮೇಲೆ ಗದರುತ್ತಿದ್ದರು.

ಹೋದ ತಿಂಗಳು ಅವರು ಬಿಟ್ಟುಹೋಗುವ ದಿನ ಚೈತ್ರ ಮತ್ತು ಇತರ ಮೇಷ್ಟ್ರುಗಳು ಸೇರಿ ದೊಡ್ಡ ಹಾಲಿನಲ್ಲಿ ಸನ್ಮಾನ ಇಟ್ಟುಕೊಂಡರು. ಯೂನಿಫಾರಂ ಬಿಚ್ಚಿಸುತ್ತೇನೆ ಎಂದಿದ್ದ ಮನುಷ್ಯನೇ ಮೈಸೂರು ಪೇಟ ತೊಡಿಸಿದ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನನ್ನ ಮೊಮ್ಮಗಳು ಮೈಕಿನಲ್ಲಿ ಮಾತಾಡಿದಳು ನೋಡಿ, ಎಷ್ಟು ಚೆನ್ನಾಗಿ ಅಂತೀರಿ! ಹಾಲು ತುಂಬ ಜನ, ಬಾಗಿಲವರೆಗೂ ನಿಂತಿದ್ದರು. ಕೊನೆಗೆ ಅವರನ್ನು ಎರಡು ಮಾತಾಡಿ ಎಂದರು.

ಅವರು ಎದ್ದರು. ಮೈಕನ್ನು ಒಮ್ಮೆ ತಟ್ಟಿ ನೋಡಿದರು. ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲರ ಮುಖವನ್ನೂ ನಿಧಾನವಾಗಿ ನೋಡಿದರು.

"ಎಲ್ರೂ ಇಲ್ಲೇ ಅವ್ರಲ್ಲ. ಗಾಡಿ ಅತ್ರ ಯಾರವ್ರೆ?"

ಕುರ್ಚಿಗಳು ಕಿರುಗುಟ್ಟಿದವು. ಹುಡುಗರು, ಮೇಷ್ಟ್ರುಗಳು, ಮೀಸೆಯವನು, ಸಾಹೇಬರ ಡ್ರೈವರು, ಎಲ್ಲರೂ ಬಾಗಿಲಿಗೆ ಮುಗಿಬಿದ್ದು ಆಚೆ ಓಡಿದರು. ಹಾಲಿನಲ್ಲಿ ಉಳಿದವರು ಅವರು ಮತ್ತು ನಾನು.

"ನೀವ್ಯಾಕವ್ವ ಓಗ್ಲಿಲ್ಲ?"

"ನಮ್ ಚೈತ್ರ ಓಗವ್ಳಲ್ಲಪ್ಪ, ನೋಡ್ಕತಾಳೆ."

"ಅವ್ಳು ಅಲ್ಲಿಗೇ ಓದ್ಳು ಅಂತ ಎಂಗ್ ಗೊತ್ತು?"

ನಾನೂ ಎದ್ದೆ. ಈ ವಯಸ್ಸಿನಲ್ಲಿ ಸೀರೆ ಎತ್ತಿ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದೆ. ಸ್ಟ್ಯಾಂಡಿನಲ್ಲಿ ನನ್ನ ಮೇಡಂ ಮೊಮ್ಮಗಳು ನೀಲಿ ಸ್ಕೂಟರಿನ ಮೇಲೆ ಕೈಯಿಟ್ಟು ನಿಂತಿದ್ದಳು. ಉಳಿದವರೂ ತಂತಮ್ಮ ಗಾಡಿಗಳ ಪಕ್ಕ ನಿಂತು, ಒಬ್ಬರನ್ನೊಬ್ಬರು ನೋಡಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ತಿರುಗಿ ನೋಡಿದೆ. ಹಾಲಿನ ಬಾಗಿಲಲ್ಲಿ ಅವರು ಪೇಟ ಸುತ್ತಿಕೊಂಡೇ ನಿಂತು, ಯಾರು ಯಾವ ಗಾಡಿಯ ಪಕ್ಕ ನಿಂತಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡುತ್ತಿದ್ದರು.